ಪದ ಬೇಕು: ಬೆಟ್ಟ ದಾಟುವ ‘ಪಾಸ್’ಗೆ ಕನ್ನಡದಲ್ಲಿ ಏನು?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ಅದೂ ಇವತ್ತು ರಾತ್ರಿಯೊಳಗೆ. ಪತ್ರಿಕೆಗೆ ಬರಹ ಕಳಿಸಬೇಕಿದೆ.

ಹೋದ ತಿಂಗಳು ಇಟಲಿಯ ಬೋಲ್ಜಾನೊದಲ್ಲಿದ್ದೆವು. ಒಂದು ಬೆಳಗ್ಗೆ ಮಳೆ ನಿಂತು ಬಿಸಿಲು ಬಂತು. ಏನೂ ಅಂದುಕೊಂಡಿರಲಿಲ್ಲ, ಸುಮ್ನೆ ಬಾಡಿಗೆ ಬೈಕ್ ಹತ್ತಿ ಡೋಲೊಮೈಟ್ ಬೆಟ್ಟಗಳ ಕಡೆ ಹೊರಟೇಬಿಟ್ಟೆವು. ಸೆಲ್ಲಾ ಅನ್ನೋ ದೊಡ್ಡ ಬಂಡೆಬೆಟ್ಟದ ಸುತ್ತ ನಾಲ್ಕು ಪಾಸ್‌ಗಳಿವೆ: ಗಾರ್ದೇನಾ (2121 ಮೀಟರ್), ಕಂಪೊಲೊಂಗೊ (1875), ಪೊರ್ದೊಯಿ (2239), ಕೊನೆಗೆ ಸೆಲ್ಲಾ. ಒಂದೊಂದು ಇಳಿದಾಗಲೂ ಒಂದೊಂದು ಪುಟ್ಟ ಊರು. ಕೊರ್ವಾರಾದಲ್ಲಿ ಕಾಫಿ, ಅರಬ್ಬಾದಲ್ಲಿ ಊಟ. ಅರಬ್ಬಾದಿಂದ ಪೊರ್ದೊಯಿಗೆ 33 ಹಿಮ್ಮುರಿ ತಿರುವು. ತಿರುವಿಗೊಂದು ನಂಬರ್ ಬೋರ್ಡ್.

ಈಗ ನನ್ನ ವಾಕ್ಯ ನೋಡಿ: ‘ಗಾರ್ದೇನಾ ಕಣಿವೆಯಿಂದ ಗಾರ್ದೇನಾ ಕಣಿವೆ ಹತ್ತಿ ಬಾದಿಯಾ ಕಣಿವೆಗೆ ಇಳಿದೆವು.’ ಮೊದಲನೆಯದೂ ಕೊನೆಯದೂ ಊರುಗಳಿರುವ ತಗ್ಗು. ನಡುವಿನದು ಬೆಟ್ಟ ದಾಟುವ ಜಾಗ. ಓದುವವರಿಗೆ ತಲೆಬುಡ ತಿಳಿಯಲ್ಲ. ‘ಪಾಸ್’ ಅಂದರೆ ಬಸ್ ಪಾಸ್ ನೆನಪಾಗುತ್ತೆ. ‘ಘಾಟಿ’ ಅನ್ನಬಹುದಾ?

ಮರು:
ಘಾಟಿ ಬೇಡ. ನಾನು ಆಗುಂಬೆ ಕಡೆಯವನು. ಸೋಮೇಶ್ವರದಿಂದ ತಿರುವು ಹತ್ತಿ ಬಂದರೆ ಆಗುಂಬೆ, ಅಲ್ಲಿಗೆ ಘಾಟಿ ಮುಗಿಯಿತು. ಆ ಕಡೆ ಮತ್ತೆ ಅಷ್ಟೇ ಇಳಿಯೋದು ಇಲ್ಲ, ಮಲೆನಾಡು ಹಾಗೇ ಮುಂದುವರಿಯುತ್ತೆ. ನಮ್ಮ ಘಾಟಿಗೆ ಒಂದೇ ಮಗ್ಗುಲು. ನಿಮ್ಮದು ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವ ಜಾಗ. ಎರಡೂ ಬೇರೆ.

ಮರು:
ಅಲ್ಲಿನ ಬೋರ್ಡಿನಲ್ಲೇ ಉತ್ತರ ಇತ್ತಲ್ವಾ ಮೇಡಂ? ಆ ಕಡೆ ಜರ್ಮನ್, ಇಟಾಲಿಯನ್, ಲದೀನ್ ಮೂರರಲ್ಲೂ ಊರ ಹೆಸರು ಬರೆಯುತ್ತಾರೆ. ಗಾರ್ದೇನಾ ಪಾಸ್‌ಗೆ ಜರ್ಮನ್ನಿನಲ್ಲಿ ‘ಗ್ರ್ಯೋಡ್ನರ್ ಯೊಖ್’. ಯೊಖ್ ಅಂದರೆ ನೊಗ! ಲ್ಯಾಟಿನ್ನಿನ ಯುಗುಮ್, ಸಂಸ್ಕೃತದ ಯುಗ ಎಲ್ಲ ಒಂದೇ ಬಳ್ಳಿಯವು. ಎರಡು ಶಿಖರ ಎರಡು ಎತ್ತು ಅಂದುಕೊಳ್ಳಿ, ನಡುವೆ ನೊಗ. ‘ಗಾರ್ದೇನಾ ನೊಗ’ ಅಂತ ಬರೆಯಿರಿ. ಇದಕ್ಕಿಂತ ಚೆಂದದ ಪದ ಸಿಗಲ್ಲ.

ಮರು:
ಅದು ಜರ್ಮನ್ನರ ಕಣ್ಣಿಗೆ ಕಂಡ ನೊಗ. ಕನ್ನಡದ ರೈತ ಬೆಟ್ಟ ನೋಡಿ ನೊಗ ಅಂದದ್ದು ನಾನು ಕೇಳಿಲ್ಲ. ಬೇಡ.

ಪದ ನಿಮ್ಮ ವಾಕ್ಯದಲ್ಲೇ ಇದೆ. ಬೆಟ್ಟ ದಾಟುವ ಜಾಗವೇ ಕಣಿವೆ. ತಮಿಳರು ಅದಕ್ಕೇ ಕಣವಾಯ್ ಅನ್ನುತ್ತಾರೆ, ತೆಲುಗರು ಕನುಮ. ನಮ್ಮ ಶಾಲೆ ಪುಸ್ತಕದಲ್ಲೂ ಖೈಬರ್ ಕಣಿವೆ ಅಂತಲೇ ಓದಿದ್ದೇವೆ. ಹಿರಿಯೂರಿನ ಹತ್ತಿರ ವೇದಾವತಿ ನದಿ ಎರಡು ಗುಡ್ಡದ ನಡುವೆ ನುಸುಳುವ ಜಾಗ ಮಾರಿಕಣಿವೆ. ಆ ಸಂದು ಅಷ್ಟು ಕಿರಿದಾಗಿದ್ದಕ್ಕೇ ಅಲ್ಲಿ ಅಣೆಕಟ್ಟು ಕಟ್ಟಿದ್ದು. ಅಗಲವಾದ ತಗ್ಗಿಗೆಲ್ಲ ಕಣಿವೆ ಅಂದು ಅಂದು ಪದವನ್ನು ನಾವೇ ಸಡಿಲ ಮಾಡಿದ್ದೇವೆ. ತಗ್ಗಿಗೆ ‘ಕೊಳ್ಳ’ ಇದೆ. ಬಳಸಿ.

ಮರು:
ಕೊಳ್ಳ ಅಂದರೆ ಕೃಷ್ಣಾ ಕೊಳ್ಳ, ಕಾವೇರಿ ಕೊಳ್ಳ. ನದಿಯ ನೀರಿನ ಲೆಕ್ಕಕ್ಕೆ ಬರೋ ಪದ. ಅದನ್ನು ಊರಿರುವ ತಗ್ಗಿಗೆ ಹಚ್ಚಬೇಡಿ. ‘ಪಾಸ್’ ಅಂತಲೇ ಬರೆದರೆ ಯಾರಿಗೂ ತೊಂದರೆಯಿಲ್ಲ. ಬೈಕ್, ಕಾಫಿ, ಬೋರ್ಡ್ ಎಲ್ಲ ತಗೊಂಡಿದ್ದೀವಿ. ಇದೊಂದಕ್ಕೆ ಯಾಕೆ ಇಷ್ಟು ಮಡಿ?

ಮರು:
ನಮ್ಮ ಸವದತ್ತಿ ಕಡೆ ಬಂದು ನೋಡ್ರಿ ಸರ್. ಯಲ್ಲಮ್ಮನ ಗುಡಿ ಇರುವ ತಗ್ಗಿಗೆ ಜನ ಕೊಳ್ಳ ಅಂತಲೇ ಅಂತಾರೆ. ನೀರಿನ ಲೆಕ್ಕ ಬರೆಯುವವರು ಆ ಪದ ತಗೊಂಡದ್ದು ಆಮೇಲೆ.

ಮರು:
ಮಡಿಯ ಮಾತಲ್ಲ ಇದು. ಬೈಕ್ ನಮ್ಮಲ್ಲಿ ಇರಲಿಲ್ಲ, ವಸ್ತುವಿನ ಜೊತೆ ಪದವೂ ಬಂತು. ಅದು ಈಗ ಕನ್ನಡವೇ. ಬೆಟ್ಟ ದಾಟೋದು ಇಂಗ್ಲಿಷ್ ಬಂದ ಮೇಲೆ ಕಲಿತದ್ದಾ? ಇದ್ದ ಪದ ಮರೆತು ತರೋದು ಸಾಲ ಅಲ್ಲ, ಕಳಕೊಳ್ಳೋದು. ಲದೀನ್ ಆಡುವವರು ಸುಮಾರು 30,000 ಜನ ಅಷ್ಟೇ. ಎರಡು ದೊಡ್ಡ ಭಾಷೆಗಳ ನಡುವೆ ಇದ್ದುಕೊಂಡೂ ಅದೇ ಪಾಸ್‌ಗೆ ‘ಜು ದೆ ಫ್ರಾರಾ’ ಅಂತ ತಮ್ಮದೇ ಹೆಸರು ಉಳಿಸಿಕೊಂಡಿದ್ದಾರೆ. ನಾವು ಕೋಟಿಗಟ್ಟಲೆ ಇದ್ದೇವೆ.

ಮರು:
ಎಲ್ಲರಿಗೂ ಧನ್ಯವಾದ. ‘ಗಾರ್ದೇನಾ ಕೊಳ್ಳದಿಂದ ಗಾರ್ದೇನಾ ಕಣಿವೆ ಹತ್ತಿ ಬಾದಿಯಾ ಕೊಳ್ಳಕ್ಕೆ ಇಳಿದೆವು’ ಅಂತ ಬರೆದೆ. ಜೋರಾಗಿ ಓದಿದೆ, ದಾರಿ ಕಣ್ಣಿಗೆ ಕಟ್ಟಿತು. ಮೊದಲ ಸಲ ಬರುವ ಕಡೆ ‘ಬೆಟ್ಟ ದಾಟುವ ಕಣಿವೆ’ ಅಂತ ಬಿಡಿಸಿ ಹೇಳಿದ್ದೇನೆ. ನೊಗದ ವಿಷಯವನ್ನೂ ಒಂದು ಸಾಲಲ್ಲಿ ಸೇರಿಸಿದೆ, ಬಿಡೋಕೆ ಮನಸ್ಸು ಬರಲಿಲ್ಲ. ಬರಹ ಈಗಷ್ಟೇ ಕಳಿಸಿದೆ.