ಬೈಕಿನ ಆಂಪ್ಲಿಫೈಯರ್ ಕೈಪಿಡಿಗೆ ಪದಗಳು ಬೇಕಾಗಿವೆ (ತುರ್ತು)

ಮಾನ್ಯರೇ,

ಹಾರ್ಲೆ ಡೇವಿಡ್‌ಸನ್ ಸ್ಟ್ರೀಟ್ ಗ್ಲೈಡ್‌ನಂತಹ ದೂರಪ್ರಯಾಣದ ಬೈಕುಗಳಲ್ಲಿ ಕಂಪನಿಯ ಸ್ಪೀಕರ್‌ಗಳನ್ನು ತೆಗೆದು, ಹೊರಗಿನಿಂದ ಕೊಂಡ ಆಂಪ್ಲಿಫೈಯರನ್ನೂ ಹೊಸ ಸ್ಪೀಕರ್‌ಗಳನ್ನೂ ಕೂರಿಸುವ ಕ್ರಮವನ್ನು ತಿಳಿಸುವ ಕೈಪಿಡಿಯೊಂದನ್ನು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರ ಮೆಕ್ಯಾನಿಕ್‌ಗಳಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅದು ಅಚ್ಚಿಗೆ ಹೋಗಬೇಕು. ಆಂಪ್ಲಿಫೈಯರ್‌ಗೆ ‘ಧ್ವನಿವರ್ಧಕ’ ಎಂದು ಬರೆದುಕೊಂಡಿದ್ದೆ. ಸ್ಪೀಕರ್‌ಗೂ ಅದೇ ಪದ ಬಂದು, ‘ಧ್ವನಿವರ್ಧಕದ ತಂತಿಗಳನ್ನು ಧ್ವನಿವರ್ಧಕಕ್ಕೆ ಜೋಡಿಸಿ’ ಎಂಬ ವಾಕ್ಯ ಸಿದ್ಧವಾಗಿದೆ. ಗ್ರೌಂಡ್, ಇಂಪೀಡೆನ್ಸ್, ಸ್ಯಾಡಲ್‌ಬ್ಯಾಗ್ (ಬೈಕಿನ ಹಿಂಬದಿಯ ಎರಡೂ ಪಕ್ಕಕ್ಕಿರುವ ಸಾಮಾನು ಪೆಟ್ಟಿಗೆ) ಎಂಬ ಮೂರಕ್ಕೂ ಪದ ತೋಚದಾಗಿದೆ. ದಯವಿಟ್ಟು ಬೇಗ ತಿಳಿಸಿ.

* * *

‘ಧ್ವನಿ’ಯೂ ‘ವರ್ಧಕ’ವೂ ಸಂಸ್ಕೃತದವು, ಎರಡನ್ನೂ ಬಿಟ್ಟರೆ ತೊಡಕೇ ಉಳಿಯುವುದಿಲ್ಲ. ಆಂಪ್ಲಿಫೈಯರನ್ನು ‘ದನಿಯೇರಿಕ’ ಎನ್ನಿ, ಸ್ಪೀಕರನ್ನು ‘ದನಿಯುಲಿಕ’ ಎನ್ನಿ. ಸ್ಯಾಡಲ್‌ಬ್ಯಾಗಿಗೆ ‘ಹಸಿಬೆ’ ಇರುವಾಗ ಹುಡುಕಾಟವೇಕೆ? ಇದು ಹಳಗನ್ನಡದ ‘ಪಸುಂಬೆ’; ಮೊದಲ ಪಕಾರ ಹಕಾರವಾಗಿದೆ, ತಮಿಳಿನಲ್ಲಿ ಪಕಾರವೇ ಉಳಿದಿದೆ. ಪ್ರಾಣಿಯ ಬೆನ್ನಿನ ಎರಡೂ ಬದಿಗೆ ಇಳಿಬೀಳುವ ಜೋಡಿಚೀಲಕ್ಕೆ ಇದಕ್ಕಿಂತ ಒಪ್ಪುವ ಮಾತು ಬೇರೊಂದಿಲ್ಲ. ಉಳಿದೆರಡು ಪದಗಳ ವಿಷಯದಲ್ಲಿ ನನಗೆ ಆಸಕ್ತಿಯಿಲ್ಲ.

* * *

ಮಾನ್ಯರೇ,

ಆಸಕ್ತಿಯಿಲ್ಲವೆಂದು ಮೇಲಿನವರು ಕೈಬಿಟ್ಟ ಎರಡು ಪದಗಳಲ್ಲಿಯೇ ಗಾಡಿ ಸುಡುವ ಅಪಾಯವಿರುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಗ್ರೌಂಡ್ ಎಂಬುದಕ್ಕೆ ನಿಘಂಟು ನೋಡಿ ‘ಭೂಸಂಪರ್ಕ’ ಎಂದು ಬರೆಯಬೇಡಿ. ಎರಡು ರಬ್ಬರ್ ಚಕ್ರಗಳ ಮೇಲೆ ನಿಂತಿರುವ ವಾಹನಕ್ಕೆ ಭೂಮಿಯ ಸಂಪರ್ಕವೆಲ್ಲಿಂದ ಬರಬೇಕು? ಇಲ್ಲಿ ಹೇಳುತ್ತಿರುವುದು ಗಾಡಿಯ ಲೋಹದ ಚೌಕಟ್ಟಿನ ಮೂಲಕ ವಿದ್ಯುತ್ತು ಬ್ಯಾಟರಿಯ ಋಣಧ್ರುವಕ್ಕೆ ಮರಳುವ ದಾರಿಯನ್ನು. ಗ್ಯಾರೇಜಿನಲ್ಲಿ ಅದನ್ನು ‘ಬಾಡಿ ಅರ್ತ್’ ಎನ್ನುತ್ತಾರೆ, ಹಾಗೆಯೇ ಬರೆಯಿರಿ. ಅದರ ಜೊತೆಗೆ, ಸ್ಪೀಕರಿನ ಋಣತಂತಿಯನ್ನು ಯಾವ ಕಾರಣಕ್ಕೂ ಬಾಡಿ ಅರ್ತ್‌ಗೆ ಸೇರಿಸದೆ ಆಂಪ್ಲಿಫೈಯರಿನ ಸ್ಪೀಕರ್ ಟರ್ಮಿನಲ್ಲಿಗೇ ಮರಳಿಸಬೇಕು ಎಂಬ ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಹಾಕಿಸಿ. ಈಗಿನ ಆಂಪ್ಲಿಫೈಯರ್‌ಗಳಲ್ಲಿ ಬಹುಪಾಲು ಈ ತಪ್ಪನ್ನು ತಾಳುವುದಿಲ್ಲ.

ಇಂಪೀಡೆನ್ಸ್ ಎಂಬುದು ಹಾಡಿನ ಸಂಕೇತದಂತಹ ಏರಿಳಿಯುವ ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ಒಟ್ಟು ತಡೆ. ಅದನ್ನು ‘ರೋಧ’ ಎಂದರೆ ಇನ್ನೊಂದು ಎಡವಟ್ಟಾಗುತ್ತದೆ. 4 ಓಮ್ ಎಂದು ಅಚ್ಚಾಗಿರುವ ಸ್ಪೀಕರಿಗೆ ಮಲ್ಟಿಮೀಟರ್ ಹಿಡಿದರೆ ಸಾಮಾನ್ಯವಾಗಿ ಮೂರೂಕಾಲು, ಮೂರೂವರೆ ಓಮ್ ತೋರಿಸುತ್ತದೆ, ಏಕೆಂದರೆ ಮೀಟರು ಅಳೆಯುವುದು ಸುರುಳಿಯ ನೇರವಿದ್ಯುತ್ ರೋಧವನ್ನು ಮಾತ್ರ. ಕೈಪಿಡಿಯಲ್ಲಿ ‘ರೋಧ 4 ಓಮ್’ ಎಂದಿದ್ದರೆ ಮೆಕ್ಯಾನಿಕನು ಒಳ್ಳೆಯ ಸ್ಪೀಕರನ್ನು ಕೆಟ್ಟಿದೆಯೆಂದು ಹಿಂದಿರುಗಿಸುತ್ತಾನೆ. ‘ಇಂಪೀಡೆನ್ಸ್’ ಎಂದೇ ಇಟ್ಟು, ಎರಡು 4 ಓಮ್ ಸ್ಪೀಕರ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ ಆಂಪ್ಲಿಫೈಯರ್ ಎದುರಿಸಬೇಕಾದದ್ದು 2 ಓಮ್ ಎಂದು ಒಂದು ಸಾಲು ಸೇರಿಸಿ.

ಇನ್ನು ಧ್ವನಿವರ್ಧಕ. ಪದದ ಬಿಡಿ ಅರ್ಥ ಏನೇ ಇರಲಿ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸಬಾರದೆಂಬ 2000ದ ಶಬ್ದಮಾಲಿನ್ಯ ನಿಯಮಗಳ ಸುದ್ದಿಯನ್ನು ಓದುವ ಕನ್ನಡಿಗನ ಕಣ್ಣಮುಂದೆ ಬರುವುದು ಗುಡಿಯ ಅಥವಾ ಮಸೀದಿಯ ಮೇಲಿನ ಸ್ಪೀಕರು. ಆ ಪದ ಸ್ಪೀಕರಿನದಾಗಿ ಹೋಗಿದೆ, ಅದನ್ನು ಈಗ ಕಿತ್ತುಕೊಳ್ಳಲಾಗದು. ಆದ್ದರಿಂದ ಆಂಪ್ಲಿಫೈಯರ್ ಆಂಪ್ಲಿಫೈಯರಾಗಿಯೇ ಇರಲಿ, ಆದರೆ ‘ಆಂಪ್’ ಎಂದು ಮೊಟಕು ಮಾಡಬೇಡಿ. ನಿರಂತರವಾಗಿ 400 ವ್ಯಾಟ್ ಕೊಡುವ ಆಂಪ್ಲಿಫೈಯರು ಶೇ 80ರ ದಕ್ಷತೆಯಲ್ಲಿಯೂ 13.8 ವೋಲ್ಟಿನಲ್ಲಿ ಸುಮಾರು 36 ಆಂಪಿಯರ್ ಎಳೆಯುತ್ತದೆ, ಮತ್ತು ಫ್ಯೂಸ್ ಕೊಳ್ಳುವವರು ಆಂಪಿಯರನ್ನೂ ‘ಆಂಪ್’ ಎಂದೇ ಕೇಳುತ್ತಾರೆ. ‘40 ಆಂಪ್ ಫ್ಯೂಸ್’, ‘ಆಂಪ್ ಫ್ಯೂಸ್’ ಎಂಬೆರಡು ಒಂದೇ ಪುಟದಲ್ಲಿ ಬಂದರೆ ಓದುವವನ ಗತಿಯೇನು?

‘ಹಸಿಬೆ’ಯ ವ್ಯುತ್ಪತ್ತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹಸಿಬೆ ಬಟ್ಟೆಯದು. ಸ್ಟ್ರೀಟ್ ಗ್ಲೈಡ್‌ನದು ಬೀಗ ಹಾಕುವ ಗಟ್ಟಿ ಪೆಟ್ಟಿಗೆ, ಅದರ ಮುಚ್ಚಳವನ್ನು ಕೊರೆದು ಸ್ಪೀಕರ್ ಕೂರಿಸುತ್ತಾರೆ. ‘ಸೈಡ್ ಬಾಕ್ಸ್’ ಎಂದರೆ ಹೆಲ್ಪರ್ ಹುಡುಗನಿಗೂ ತಿಳಿಯುತ್ತದೆ.

* * *

‘ಬಾಕ್ಸ್’ ಕನ್ನಡವೆಂದು ಒಪ್ಪುವವರೊಡನೆ ಚರ್ಚಿಸಲಾರೆ. ಚರ್ಮದ ಚೀಲವಾಗಿದ್ದ ಸ್ಯಾಡಲ್‌ಬ್ಯಾಗ್ ಗಟ್ಟಿ ಪೆಟ್ಟಿಗೆಯಾದ ಮೇಲೂ ಇಂಗ್ಲಿಷಿನವರು ಆ ಹೆಸರನ್ನು ಬಿಡಲಿಲ್ಲ. ಅವರ ಚೀಲ ಗಟ್ಟಿಯಾಗಬಹುದಾದರೆ ನಮ್ಮ ಹಸಿಬೆ ಏಕೆ ಆಗಬಾರದು?

* * *

ಆಗಬಹುದು, ಬಳಸುವವರು ಒಪ್ಪಿದರೆ. ಇಂಗ್ಲಿಷಿನವರು ಆ ಪದವನ್ನು ಬಳಸುತ್ತಲೇ ಇದ್ದರು; ನಮ್ಮಲ್ಲಿ ಹಸಿಬೆ ಹೆಗಲಿನಿಂದ ಇಳಿದು ಬಹಳ ಕಾಲವಾಯಿತು. ಎರವಲು ಪದಗಳ ಜಗಳವನ್ನು ಬೇರೆ ಶೀರ್ಷಿಕೆಯಲ್ಲಿ ಮುಂದುವರಿಸಬಹುದು, ಪ್ರಶ್ನೆ ಕೇಳಿದವರಿಗೆ ನಾಳೆ ಅಚ್ಚಿದೆ.

* * *

ಮಾನ್ಯರೇ,

ಇಬ್ಬರಿಗೂ ವಂದನೆಗಳು. ಆಂಪ್ಲಿಫೈಯರ್, ಸ್ಪೀಕರ್, ಇಂಪೀಡೆನ್ಸ್, ಬಾಡಿ ಅರ್ತ್ ಎಂದು ಉಳಿಸಿಕೊಂಡಿದ್ದೇನೆ. ಪೆಟ್ಟಿಗೆಗೆ ‘ಪಕ್ಕದ ಪೆಟ್ಟಿಗೆ’ ಎಂದು ಬರೆದು, ಮೊದಲ ಬಾರಿ ಬರುವಲ್ಲಿ ಮಾತ್ರ ‘ಸೈಡ್ ಬಾಕ್ಸ್’ ಎಂದು ಆವರಣದಲ್ಲಿ ಕೊಡುತ್ತೇನೆ. ಫ್ಯೂಸಿನ ವಾಕ್ಯ ಹೀಗಿದೆ: ‘ಬ್ಯಾಟರಿಯ ಧನಧ್ರುವದಿಂದ 18 ಅಂಗುಲದೊಳಗೆ ಫ್ಯೂಸ್ ಕೂರಿಸಿ, ಅದನ್ನು ಕೂರಿಸುವವರೆಗೆ ಆಂಪ್ಲಿಫೈಯರಿನ ವಿದ್ಯುತ್ ತಂತಿಯನ್ನು ಬ್ಯಾಟರಿಗೆ ಸೇರಿಸಬೇಡಿ.’ ಇದರಲ್ಲಿ ‘ಧನಧ್ರುವ’ ಬೇಕೋ ‘ಪ್ಲಸ್’ ಸಾಕೋ ಎಂಬುದನ್ನು ಬೆಳಿಗ್ಗೆ ಹತ್ತರೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.