ಖಾಲಿ ಟಿಪ್ಪರ್‌ನಲ್ಲೇ ಸೊಂಟ ಜಾಸ್ತಿ ನೋಯ್ತೈತೆ, ಯಾಕೆ?

ಪ್ರಶ್ನೆ (ಟಿಪ್ಪರ್ ಚಾಲಕ, ಚಿತ್ರದುರ್ಗ): ನಮಸ್ಕಾರ ಸರ್. ಭೀಮಸಮುದ್ರದ ಕಡೆ ಅದಿರು ಹೊಡಿಯೋ 10 ಚಕ್ರದ ಗಾಡಿ. ಲೋಡ್ ಇದ್ದಾಗ ಅಷ್ಟು ಗೊತ್ತಾಗಲ್ಲ, ಖಾಲಿ ವಾಪಸ್ ಬರುವಾಗ ಸೊಂಟ ಹಿಡ್ಕಂಬಿಡ್ತೈತೆ. ಸೀಟ್ ಮೇಲೆ ಎರಡು ದಿಂಬು ಹಾಕ್ಕಂಡ್ರೂ ಅಷ್ಟೇ. ಬೆಲ್ಟ್ ಕಟ್ಟಬೇಕಾ, ಮಾತ್ರೆ ನುಂಗಬೇಕಾ?

ಉತ್ತರ (ಫಿಸಿಯೋಥೆರಪಿಸ್ಟ್, ದಾವಣಗೆರೆ): ಮೊದಲು ಆ ದಿಂಬು ತೆಗೀರಿ. ಕೂತಿರುವ ಮನುಷ್ಯನ ಬೆನ್ನು ಸೆಕೆಂಡಿಗೆ 4ರಿಂದ 6 ಸಲ ಅಲುಗುವ ಕುಲುಕಾಟಕ್ಕೆ ಅತಿ ಹೆಚ್ಚು ಸ್ಪಂದಿಸುತ್ತೆ. ಮೆತ್ತನೆ ಸ್ಪಂಜು ಅದೇ ಕುಲುಕಾಟವನ್ನು ತಡೆಯೋದು ಬಿಟ್ಟು ಇನ್ನಷ್ಟು ಎತ್ತಿ ಕೊಡುತ್ತೆ. ದಿಂಬಿನ ಮೇಲೆ ಸೊಂಟ ಒಂದು ಪಕ್ಕಕ್ಕೆ ವಾಲುವುದು ಬೇರೆ. ಕುಳಿ ಬಿದ್ದ ಸ್ಪಂಜಿದ್ದರೆ ಗಟ್ಟಿ ಫೋಮ್ ಹಾಕಿಸಿ, ಮೇಲೆ ಏನೂ ಪೇರಿಸಬೇಡಿ.

ಸೀಟನ್ನು ಹೀಗೆ ಹೊಂದಿಸಿ. ಬೆನ್ನನ್ನು ಪೂರ್ತಿ ಒರಗಿಸಿ ಕೂತು ಕ್ಲಚ್ಚನ್ನು ಕೊನೆವರೆಗೆ ಒತ್ತಿ. ಆಗಲೂ ಮಂಡಿ ಸ್ವಲ್ಪ ಮಡಚಿರಬೇಕು. ಕಾಲು ನೆಟ್ಟಗಾದರೆ ಪ್ರತಿ ಗೇರಿಗೂ ಸೊಂಟ ಮುಂದಕ್ಕೆ ಜಾರುತ್ತೆ. ಕೂರುವ ಜಾಗಕ್ಕೂ ಒರಗಿಗೂ ನಡುವಿನ ಕೋನ 100ರಿಂದ 110 ಡಿಗ್ರಿ. ಮಂಡಿಯ ಹಿಂಭಾಗಕ್ಕೂ ಸೀಟಿನ ಅಂಚಿಗೂ ನಡುವೆ ಮೂರು ಬೆರಳು ಜಾಗ ಇರಲಿ. ಟವೆಲ್ ಸುತ್ತಿ ಪ್ಯಾಂಟಿನ ಬೆಲ್ಟಿನ ಮಟ್ಟದಲ್ಲಿ ಇಡಿ, ಅದಕ್ಕಿಂತ ಮೇಲೆ ಬೇಡ. ಹಿಂದಿನ ಜೇಬಿನ ಪರ್ಸನ್ನು ಡ್ಯಾಶ್‌ಬೋರ್ಡಿಗೆ ವರ್ಗಾಯಿಸಿ. ಕಾಲಿಗೆ ಇಳಿಯುವ ಜೋಮು ಎಷ್ಟೋ ಜನರಿಗೆ ಅದರಿಂದಲೇ ಶುರುವಾಗೋದು.

ಬೆಲ್ಟನ್ನು ನೋವು ತೀರಾ ಜಾಸ್ತಿ ಇರುವ ಒಂದೆರಡು ದಿನ ಕಟ್ಟಿದರೆ ತಪ್ಪಿಲ್ಲ. ಅದನ್ನೇ ಚಟ ಮಾಡಿಕೊಂಡರೆ ಬೆನ್ನಿನ ಸ್ನಾಯು ಸೋಮಾರಿಯಾಗುತ್ತೆ.

ಖಾಲಿ ಗಾಡಿಯಲ್ಲೇ ನೋವು ಹೆಚ್ಚು ಅಂದಿರಲ್ಲ, ಅದು ಗಾಡಿಯ ಕಡೆ ಬೆರಳು ತೋರಿಸುತ್ತೆ. ಪಾಟಾ (ಗಾಡಿಯ ತೂಕ ಹೊರುವ ಪಟ್ಟಿ ಸ್ಪ್ರಿಂಗ್) ಕೆಲಸದವರು ಹೇಳಲಿ.

ಉತ್ತರ (ಪಾಟಾ ಮೆಕ್ಯಾನಿಕ್, ಹರಿಹರ): ಅಣ್ಣಾ, ಎಕ್ಸ್‌ಟ್ರಾ ಪಾಟಾ ಹಾಕ್ಸಿದಾರಾ ನೋಡು. ಓವರ್‌ಲೋಡ್ ಹೊಡಿಯಾಕೆ ಅಂತ ಓನರ್‌ಗಳು ಒಂದೆರಡು ಬ್ಲೇಡ್ ಸೇರಿಸಿರ್ತಾರೆ. ತುಂಬಿದಾಗ ಅದು ಬಾಗ್ತೈತಿ, ಖಾಲಿ ಇದ್ದಾಗ ಬಾಗೋದೇ ಇಲ್ಲ, ಗುಂಡಿ ನೇರ ಚಾಸಿಗೆ ಬಡೀತೈತಿ. ಕಂಪನಿ ಕೊಟ್ಟಷ್ಟೇ ಬ್ಲೇಡ್ ಇಟ್ರೆ ಅರ್ಧ ತಲೆನೋವು ಹೋತು.

ಅದಿರಿನ ಧೂಳು, ಮಳೆ ನೀರು ಸೇರಿ ಬ್ಲೇಡ್‌ಗಳ ನಡುವೆ ತುಕ್ಕು ಹಿಡಿದ್ರೂ ಅದೇ ಕಥೆ. ಸೆಟ್ ಬಿಚ್ಚಿಸಿ, ತುಕ್ಕು ಉಜ್ಜಿಸಿ, ಗ್ರಾಫೈಟ್ ಗ್ರೀಸ್ ಹಚ್ಚಿಸಿ ಕಟ್ಟಿಸು. ಕಟ್ಟಿದ ಮ್ಯಾಲೆ ಒಂದು ಲೋಡ್ ಹೊಡೆದು, ಪಾಟಾನ ಆಕ್ಸಲ್‌ಗೆ ಹಿಡಿದಿರೋ ಯು ಬೋಲ್ಟ್ ಮತ್ತೆ ಬಿಗಿಸಬೇಕು. ಇದನ್ನ ಎಲ್ಲಾರೂ ಮರೀತಾರೆ. ಸಡಿಲ ಬಿಟ್ರೆ ಬ್ಲೇಡ್‌ಗಳ ನಡುವಿನ ಸೆಂಟರ್ ಬೋಲ್ಟ್ ಕಟ್ಟಾಗಿ ಆಕ್ಸಲ್ ಜರುಗಿ ಗಾಡಿ ಅಡ್ಡ ಎಳೀತೈತಿ. ಪಾಟಾ ತುದಿಯ ಶ್ಯಾಕಲ್ ಪಿನ್ನಿಗೆ ಹೊಸ ಗ್ರೀಸ್ ಹೊರಗೆ ಬರೋವರೆಗೂ ಹೊಡಿ, ರಬ್ಬರ್ ಬುಷ್ ಇದ್ರೆ ಮಾತ್ರ ಗ್ರೀಸ್ ಬ್ಯಾಡ.

ಮುಂದಿನ ಶಾಕಪ್ ಮೈ ಎಣ್ಣೆ ಎಣ್ಣೆ ಆಗಿದ್ರೆ ಅದು ಸತ್ತಂಗೆ. ಕೆಟ್ಟ ರಸ್ತೆಲಿ ಓಡಿಸಿ ಬಂದು ಎರಡನ್ನೂ ಮುಟ್ಟಿ ನೋಡು: ಕೆಲಸ ಮಾಡೋದು ಬೆಚ್ಚಗಿರ್ತೈತಿ, ಸತ್ತಿದ್ದು ತಣ್ಣಗಿರ್ತೈತಿ. ಕ್ಯಾಬಿನ್ ಮೌಂಟಿಂಗ್ ರಬ್ಬರ್ ಬಿರುಕು ಬಿಟ್ಟೈತಾ ಅದನ್ನೂ ನೋಡು. ಹವಾ ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಚೆಕ್ ಮಾಡು. ಖಾಲಿ ಐತಿ ಅಂತ ಹವಾ ಇಳಿಸ್ಬ್ಯಾಡ, ಮುಂದಿನ ಲೋಡಿಗೆ ಟೈರ್ ಕಾದು ಸಿಡೀತೈತಿ.

ಪ್ರಶ್ನೆ (ಲಾರಿ ಚಾಲಕ, ಜಗಳೂರು): ಮೇಡಂ, ಮೆಡಿಕಲ್ ಶಾಪಲ್ಲಿ ಸೊಂಟ ನೋವಿಗೆ ಅಂತ ಕೊಡೋ ಮಾತ್ರೆ ತಗೊಂಡು ಓಡಿಸಬಹುದಾ? ನಿಲ್ಲಿಸೋಕೆ ಟೈಮೇ ಇರಲ್ಲ.

ಉತ್ತರ (ಫಿಸಿಯೋಥೆರಪಿಸ್ಟ್): ಮಾತ್ರೆ ಪಟ್ಟಿಯ ಹಿಂದೆ ಬರೆದದ್ದನ್ನು ಓದಿ. ಕ್ಲೋರ್ಜೋಕ್ಸಾಜೋನ್, ಟಿಜಾನಿಡಿನ್, ಪ್ರಿಗಾಬಲಿನ್, ಟ್ರಮಡಾಲ್ ಇವುಗಳಲ್ಲಿ ಯಾವುದಿದ್ದರೂ ನಿದ್ದೆ ಎಳೆಯುತ್ತೆ. ತಗೊಂಡು ಸ್ಟೀರಿಂಗ್ ಹಿಡಿಯಲೇಬಾರದು. ಡೈಕ್ಲೋಫೆನಾಕ್ ನಿದ್ದೆ ತರಿಸುವುದು ಕಡಿಮೆ, ಆದರೆ ಮೂತ್ರಕ್ಕೆ ನಿಲ್ಲಿಸಬೇಕಾಗುತ್ತೆ ಅಂತ ನೀರೇ ಕುಡಿಯದೆ ದಿನಾ ನುಂಗಿದರೆ ಹೊಟ್ಟೆ, ಕಿಡ್ನಿ ಎರಡೂ ಕೆಡುತ್ತವೆ. ವೈದ್ಯರಿಗೆ ತೋರಿಸುವಾಗ 'ನಾನು ಡ್ರೈವರ್' ಅಂತ ಮೊದಲೇ ಹೇಳಿ.

ಟೈಮ್ ಇಲ್ಲ ಅನ್ನೋ ಮಾತಿಗೆ: 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 1961 ಪ್ರಕಾರ 5 ಗಂಟೆ ಕೆಲಸಕ್ಕೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕಿತ್ತು. ಬೆನ್ನಿಗೆ ಅದೂ ಸಾಲದು. ಎರಡು ಗಂಟೆಗೊಮ್ಮೆ ಐದು ನಿಮಿಷ ಇಳಿಯಿರಿ, ಕ್ಯಾಬಿನ್ ಕಡೆ ಮುಖ ಮಾಡಿ, ಹಿಡಿ ಹಿಡಿದು, ಜಿಗಿಯಬೇಡಿ. ಸೊಂಟಕ್ಕೆ ಕೈ ಕೊಟ್ಟು 10 ಸಲ ಹಿಂದಕ್ಕೆ ಬಾಗಿ. ಇಳಿದ ತಕ್ಷಣ ಸ್ಟೆಪ್ನಿ, ತಾಡಪಾಲು ಎತ್ತಬೇಡಿ, ಮೊದಲು ಸ್ವಲ್ಪ ಓಡಾಡಿ. ರಾತ್ರಿ ಬೋರಲು ಮಲಗಿ ಅಂಗೈ ಊರಿ ಎದೆ ಎತ್ತಿ, ಅದೂ 10 ಸಲ. ನೋವು ಕಾಲಿನಿಂದ ಸೊಂಟದ ಕಡೆ ಏರಿದರೆ ಒಳ್ಳೆಯದು. ಸೊಂಟದಿಂದ ಕಾಲಿಗೆ ಇಳಿದರೆ ನಿಲ್ಲಿಸಿ.

ತೊಡೆ ಸಂದಿಯಲ್ಲಿ, ಕೂರುವ ಜಾಗದಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಮೂತ್ರ ಕಟ್ಟಿದರೆ, ಪಾದ ಎತ್ತಲು ಆಗದಿದ್ದರೆ ಅವತ್ತೇ ಜಿಲ್ಲಾ ಆಸ್ಪತ್ರೆಗೆ ಹೋಗಿ. ಅಲ್ಲಿಗೆ ನೀವೇ ಓಡಿಸಿಕೊಂಡು ಹೋಗಬೇಡಿ.

ಪ್ರಶ್ನೆ (ಚಿತ್ರದುರ್ಗದವರೇ): ಸೀಟ್ ಕೆಳಗೆ ಕೆಜಿ ನಂಬರಿನ ತಿರುಪು ಐತೆ, ಜಾಮ್ ಆಗೈತೆ. ಅದೇನಕ್ಕೆ?

ಉತ್ತರ (ಪಾಟಾ ಮೆಕ್ಯಾನಿಕ್): ಅದೇ ಅಣ್ಣಾ ಬೇಕಾಗಿದ್ದು! ನಿನ್ನ ತೂಕಕ್ಕೆ ಸೀಟಿನ ಸ್ಪ್ರಿಂಗ್ ಹೊಂದಿಸೋ ತಿರುಪು. ಜಾಸ್ತಿಗೆ ಇಟ್ರೆ ಸೀಟ್ ಅಲುಗಲ್ಲ, ಕಡಿಮೆಗೆ ಇಟ್ರೆ ಹಂಪ್ಸಿಗೆ ತಳ ಬಡೀತೈತಿ. ಇಕ್ಕಳ ಹಾಕಿ ತಿರುವಬ್ಯಾಡ, ಮುರೀತೈತಿ. ಸೀಟಿಂದ ಎದ್ದು, ಧೂಳು ಊದಿಸಿ, ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ರಾತ್ರಿ ಬಿಡು, ಬೆಳಿಗ್ಗೆ ಕೈಯಲ್ಲೇ ತಿರುಗ್ತೈತಿ.