ಅಪ್‌ಡೇಟ್: ತಂಗಿಯ ಮೈಮೇಲಿನ ದದ್ದಿಗೆ ಕಾರಣ ಸಿಕ್ಕಿತು

ಲೂಪಸ್ (ದೇಹದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ರೋಗ) ಇರುವ ನನ್ನ ತಂಗಿಯ ಎದೆ, ತೋಳುಗಳ ಮೇಲೆ ಕೆಂಪು ದದ್ದು ಎದ್ದಿವೆ, ಅದಕ್ಕೆ ನುಂಗುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ನಿಲ್ಲಿಸಬೇಕೇ ಎಂದು ಹತ್ತು ದಿನದ ಹಿಂದೆ ಇಲ್ಲಿ ಕೇಳಿದ್ದೆ. ನಿಲ್ಲಿಸಲಿಲ್ಲ, ಒಳ್ಳೆಯದೇ ಆಯಿತು.

ನುಂಗಿದ ಮಾತ್ರೆಗಳನ್ನೆಲ್ಲ ತಾರೀಖಿನ ಸಮೇತ ಬರೆದುಕೊಂಡು, ಖಾಲಿ ಸ್ಟ್ರಿಪ್‌ಗಳನ್ನೂ ವೈದ್ಯರ ಬಳಿ ಒಯ್ಯಿರಿ ಎಂದವರಿಗೆ ಶರಣು. ಅವ್ವನ ಎಲೆ ಅಡಿಕೆ ಚೀಲದಲ್ಲಿ ಮುದುಡಿಕೊಂಡಿದ್ದ ಸ್ಟ್ರಿಪ್ಪೇ ಕಳ್ಳ: ತಂಗಿಯ ಉರಿಮೂತ್ರಕ್ಕೆಂದು ತಂದಿದ್ದ ಕೋಟ್ರೈಮಾಕ್ಸಜೋಲ್ ಎಂಬ ಆಂಟಿಬಯೋಟಿಕ್. ಅದು ಸಲ್ಫಾ ಎಂಬ ಗುಂಪಿನ ಔಷಧಿ. ಲೂಪಸ್ ಇರುವವರಲ್ಲಿ ಸಲ್ಫಾ ಅಲರ್ಜಿ ಹೆಚ್ಚಂತೆ, ರೋಗವೂ ಕೆರಳಬಹುದಂತೆ. ಸಾಲದ್ದಕ್ಕೆ ಈ ಔಷಧಿ ಬಿಸಿಲನ್ನೂ ಚರ್ಮ ತಡೆಯದಂತೆ ಮಾಡುತ್ತದೆ. ಕಲಬುರಗಿಯ ಬಿಸಿಲನ್ನು ಕೇಳಬೇಕೆ!

ವೈದ್ಯರು ಮೊದಲು ನೋಡಿದ್ದು ದದ್ದನ್ನಲ್ಲ, ಬಾಯಿ ಮತ್ತು ಕಣ್ಣುಗಳನ್ನು. ಅಲ್ಲಿ ಹುಣ್ಣಾಗಿದ್ದರೆ, ಚರ್ಮ ಸುಲಿಯುತ್ತಿದ್ದರೆ ತಕ್ಷಣ ಆಸ್ಪತ್ರೆಗೆ ಸೇರಿಸಬೇಕಿತ್ತಂತೆ. ಪುಣ್ಯಕ್ಕೆ ಏನೂ ಇರಲಿಲ್ಲ. ಬೇರೆ ಆಂಟಿಬಯೋಟಿಕ್ ಕೊಟ್ಟರು. ಐದನೆಯ ದಿನಕ್ಕೆ ದದ್ದು ಮಾಸತೊಡಗಿತು.

ಬೇವಿನ ಎಲೆಯ ಸ್ನಾನದಿಂದ ತುರಿಕೆ ಇನ್ನೂ ಹೆಚ್ಚಾಯಿತು. ಸೋಪು ಬದಲಿಸಿದ್ದು ದಂಡ. ಕ್ಯಾಲಮೈನ್ ಹಚ್ಚಿದರೆ ಅರ್ಧ ಗಂಟೆ ತಂಪು, ಅಷ್ಟೇ.

ಈಗ ಅವಳ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ದಪ್ಪಗೆ ಬರೆದಿದ್ದೇವೆ: ‘ಸಲ್ಫಾ ಬೇಡ’.